ಪುಟ್ಟನ ಶೂಟಿಂಗೂ ಆರನೇ ಕ್ಲಾಸೂ

ಬರ್‌ಬ್ಯಾಂಕ್, ಕ್ಯಾಲಿಫೋರ್ನಿಯಾ
ಆಗಸ್ಟ್ 9

ಅಕ್ಕಾ,

ಅಮ್ಮನಿಗೂ ಭಾವನವರಿಗೂ ನಮಸ್ಕಾರ ಹೇಳು. ಪುಟ್ಟನಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿದೆ, ದಸರೆ ಹೊತ್ತಿಗೆ 22 ದಿನ ಶೂಟಿಂಗ್ ಅಂದೆಯಲ್ಲ, ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಕೂತು ಬರೆಯುತ್ತಿದ್ದೇನೆ. ಭಾವ ಕೇಳಿದ್ದು, ಎಷ್ಟು ದಿನ ಸ್ಕೂಲು ತಪ್ಪುತ್ತೆ ಅಂತ. ಸೆಟ್ಟಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು ಅದಕ್ಕಿಂತ ಮೊದಲು ಕೇಳುವುದು, ದಿನದಲ್ಲಿ ಎಷ್ಟು ಹೊತ್ತು ಯಾರೂ ಕರೆಯದೆ ಮಗು ಕೂತು ಓದುತ್ತೆ ಅಂತ. ಇಪ್ಪತ್ತು ದಿನ ಶಾಲೆ ತಪ್ಪಿದರೂ ಪಾಠ ತಪ್ಪದ ಮಕ್ಕಳಿದ್ದಾರೆ. ಆರೇ ದಿನಕ್ಕೆ ಭಿನ್ನರಾಶಿ ಮರೆತು ಬರುವವರೂ ಇದ್ದಾರೆ.

ಇಲ್ಲಿನ ಕಾನೂನಿನಲ್ಲಿ 9ರಿಂದ 16 ವರ್ಷದೊಳಗಿನ ಮಗು ಶಾಲೆ ಇರುವ ದಿನ ಸೆಟ್ಟಿನಲ್ಲಿ ಇರಬಹುದಾದದ್ದು ಒಟ್ಟು 9 ಗಂಟೆ. ಅದರಲ್ಲಿ 5 ಗಂಟೆ ಕೆಲಸ, 3 ಗಂಟೆ ಪಾಠ, 1 ಗಂಟೆ ವಿಶ್ರಾಂತಿ. ಊಟದ ಅರ್ಧ ಗಂಟೆ ಬೇರೆ. ಮರುದಿನ ಶಾಲೆಯಿದ್ದರೆ ರಾತ್ರಿ 10ಕ್ಕೆ ಕೆಲಸ ನಿಲ್ಲಬೇಕು, ಮಗುವನ್ನು ಬಿಟ್ಟ ಹೊತ್ತಿನಿಂದ ಮತ್ತೆ ಕರೆಯುವವರೆಗೆ 12 ಗಂಟೆ ಅಂತರ ಇರಬೇಕು. ಮಗು ನಟಿಸಲು ಬೇಕಾದ ಪರ್ಮಿಟ್ಟು ಆರು ತಿಂಗಳದ್ದು, ಅದಕ್ಕೆ ಹಾಜರಾತಿ, ಅಂಕ, ಆರೋಗ್ಯ ಸರಿಯಿದೆ ಅಂತ ಶಾಲೆ ಸಹಿ ಹಾಕಿ ಕೊಡಬೇಕು. ಶಾಲಾದಿನಗಳಲ್ಲಿ ಹತ್ತು ಮಕ್ಕಳಿಗೆ ಒಬ್ಬರಂತೆ ಸ್ಟುಡಿಯೋ ಟೀಚರ್ ಇರುತ್ತಾರೆ. ಮಗುವಿಗೆ ಅಪಾಯ ಅನ್ನಿಸಿದರೆ ಸೆಟ್ಟಿನಿಂದ ಕರೆದುಕೊಂಡು ಹೋಗುವ ಅಧಿಕಾರ ಅವರದು, ನಿರ್ದೇಶಕ ಯಾರೇ ಆಗಿರಲಿ. ಇದಕ್ಕೆಲ್ಲ ಕೀಲಿ ನಟರ ಸಂಘದ ಒಪ್ಪಂದದಲ್ಲಿರುವ ಒಂದು ಸಣ್ಣ ಸಾಲು: 20 ನಿಮಿಷಕ್ಕಿಂತ ಕಡಿಮೆ ಕೂತದ್ದು ಪಾಠದ ಲೆಕ್ಕಕ್ಕೆ ಬರುವುದಿಲ್ಲ. ಹತ್ತತ್ತು ನಿಮಿಷದಂತೆ ಹದಿನೆಂಟು ಸಲ ಪುಸ್ತಕ ತೆರೆಸಿ ಮೂರು ಗಂಟೆ ಆಯಿತು ಅನ್ನುವ ಹಾಗಿಲ್ಲ.

ಸೆಟ್ಟಿನಲ್ಲಿ ಹೊತ್ತು ಚೂರಾಗುವ ರೀತಿ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಎದುರು ದಿಕ್ಕಿಗೆ ತಿರುಗಿತು ಅಂದರೆ ಲೈಟಿಂಗ್ ಬದಲಿಸಲು ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಓದಿಗೆ ಸಿಗುವ ಒಳ್ಳೆಯ ಹೊತ್ತು ಅದು. ಆದರೆ ಲೈಟು ಹೊಂದಿಸಲು ಮಗುವನ್ನೇ ನಿಲ್ಲಿಸಿಕೊಂಡರೆ ಅದೂ ಹೋಯಿತು. ಪುಟ್ಟನಷ್ಟೇ ಎತ್ತರದ, ಹೆಚ್ಚುಕಡಿಮೆ ಅದೇ ಮೈಬಣ್ಣದ ಇನ್ನೊಬ್ಬರನ್ನು ಅವನ ಜಾಗದಲ್ಲಿ ನಿಲ್ಲಿಸಲು ಈಗಲೇ ಕೇಳು. ಇಲ್ಲಿ ಗಿಡ್ಡ ಇರುವ ದೊಡ್ಡವರನ್ನೇ ನಿಲ್ಲಿಸುವುದುಂಟು, ಅವರಿಗೆ ಹೋಂವರ್ಕ್ ಇರುವುದಿಲ್ಲವಲ್ಲ! ಇನ್ನೊಂದು ಶತ್ರು "ಐದೇ ನಿಮಿಷ, ರೆಡಿ ಇರ್ಲಿ" ಅನ್ನುವ ಮಾತು. ಆ ಐದು ನಿಮಿಷ ನಲವತ್ತಾಗುತ್ತದೆ, ಅಷ್ಟೂ ಹೊತ್ತು ಮಗು ಪುಸ್ತಕ ಹಿಡಿದು ಬಾಗಿಲು ನೋಡುತ್ತಿರುತ್ತದೆ. ಪುಟ್ಟನನ್ನು ಕರೆಯುವವರು ಒಬ್ಬರೇ ಅಸಿಸ್ಟೆಂಟ್ ಆಗಿರಲಿ, ಬೇಕಾಗುವ ಹತ್ತು ನಿಮಿಷ ಮೊದಲು ಬಂದು ಕರೆಯಲಿ, ಮಿಕ್ಕವರು ಆ ಕೋಣೆಗೆ ಇಣುಕದಿರಲಿ. ಶರ್ಟಿನೊಳಗೆ ಮೈಕು ಕಟ್ಟಿದ್ದರೆ ಓದಲು ಕೂರುವ ಮುಂಚೆ ಸೊಂಟದ ಡಬ್ಬಿ ಆಫ್ ಮಾಡಿಸು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮಕ್ಕಳು ಬಾಯಿಬಿಟ್ಟು ಓದುವುದಿಲ್ಲ. ಕೋಣೆ ಜನರೇಟರ್‌ನಿಂದಲೂ ಮಾನಿಟರ್‌ನಿಂದಲೂ ದೂರ ಇರಬೇಕು.

ಕಾಸ್ಟ್ಯೂಮಿನಲ್ಲಿ ಬರೆಯುವಾಗ ಪೆನ್ಸಿಲ್ ಮಾತ್ರ. ತೋಳಿನ ಮೇಲೆ ಒಂದು ಶಾಯಿ ಗೆರೆ ಬಿದ್ದರೆ ಹಿಂದಿನ ಶಾಟಿಗೂ ಮುಂದಿನದಕ್ಕೂ ಹೊಂದದೆ ಕಂಟಿನ್ಯುಟಿ ಕೆಟ್ಟು ಶೂಟಿಂಗೇ ನಿಲ್ಲುತ್ತದೆ, ಆಮೇಲೆ ಪುಸ್ತಕ ಕೊಡಲಿಕ್ಕೇ ಎಲ್ಲರೂ ಹೆದರುತ್ತಾರೆ. ಭಾವನವರ ಹಳೇ ತುಂಬುತೋಳಿನ ಶರ್ಟೊಂದನ್ನು ಹಿಂದುಮುಂದಾಗಿ ಹಾಕಿಸಿಬಿಡು, ಊಟಕ್ಕೂ ಆಗುತ್ತದೆ.

ಗಣಿತ ಬೆಳಿಗ್ಗೆ, ಮೇಕಪ್ಪಿಗೂ ಮೊದಲು. ತಾನೇ ಓದಿಕೊಳ್ಳಲು ಆಗದ ವಿಷಯ ಅದು, ಒಬ್ಬರು ಎದುರು ಕೂತು ಹೇಳಲೇಬೇಕು. ಸಮಾಜ, ಕನ್ನಡ ಓದುವ ಪಾಠಗಳು ಲೈಟಿಂಗ್ ಬಿಡುವಿಗೆ ಸರಿ. ಅಳುವ ಸೀನ್ ಆದ ಮೇಲೆ ಅರ್ಧ ಗಂಟೆ ಏನೂ ಬೇಡ. ಗ್ಲಿಸರಿನ್ ಹಾಕಿದ್ದರೆ ಕಣ್ಣು ಉರಿಯುತ್ತಿರುತ್ತದೆ, ಅಕ್ಷರವೇ ಕಾಣುವುದಿಲ್ಲ. ದಿನದ ಅಂದಾಜು ಹೀಗಿರಲಿ: 7:30ರಿಂದ 8:45 ಗಣಿತ, ವಿಜ್ಞಾನ. 9ಕ್ಕೆ ಮೇಕಪ್, 9:30ರಿಂದ 12 ಶೂಟಿಂಗ್. ಊಟ ಮಾಡಿ 1ರಿಂದ 1:45 ಓದು. 2ರಿಂದ 4 ಶೂಟಿಂಗ್. ತಿಂಡಿ ತಿಂದು 4:30ರಿಂದ 5:30 ಬರವಣಿಗೆ. ಪಾಠ ಮೂರು ಗಂಟೆ, ಮೇಕಪ್ಪೂ ಸೇರಿ ಕೆಲಸ ಐದು ಗಂಟೆ.

ಆ ಐದು ನಾನು ತಂದ ಲೆಕ್ಕ ಅಂದುಕೊಳ್ಳಬೇಡಿ, ನಮ್ಮ ದೇಶದ್ದೇ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಮಕ್ಕಳಿಗೆ ನಟನೆಗೆ ಅವಕಾಶ ಕೊಟ್ಟಿದ್ದೇ ಶಾಲೆಯ ಓದಿಗೆ ತೊಂದರೆಯಾಗಬಾರದು ಅನ್ನುವ ಷರತ್ತಿನ ಮೇಲೆ. 2017ರ ನಿಯಮಗಳಲ್ಲಿ ವಿವರ ಇದೆ: 14 ತುಂಬದ ಮಗುವಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ಪಾಠ ನಿಲ್ಲದ ಹಾಗೆ ಏರ್ಪಾಡು ಮಾಡಬೇಕು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಮೊದಲೇ ಅನುಮತಿ ಪಡೆದು, ನಮೂನೆ ಸಿ ಮುಚ್ಚಳಿಕೆ ಕೊಡಬೇಕು. ಚಿಕ್ಕಮಗಳೂರಿನಲ್ಲೂ ಬೆಂಗಳೂರಿನಲ್ಲೂ ಶೂಟಿಂಗ್ ಇದ್ದರೆ ಎರಡು ಕಡೆಯದೂ ಬೇಕು. ಮುಚ್ಚಳಿಕೆಗೆ ಆರೇ ತಿಂಗಳ ಆಯಸ್ಸು, ಪ್ಯಾಚ್ ವರ್ಕ್, ಅಂದರೆ ಆಮೇಲೆ ತೆಗೆಯುವ ಬಿಟ್ಟುಹೋದ ಶಾಟುಗಳು, ಎಳೆದರೆ ಹೊಸದು ಮಾಡಿಸಬೇಕು. ಅನುಮತಿಯ ಪ್ರತಿ ಕೇಳು. ಮ್ಯಾನೇಜರ್ "ಅದೆಲ್ಲ ನಾವ್ ನೋಡ್ಕೋತೀವಿ ಮೇಡಂ" ಅಂದರೆ ಇನ್ನೊಮ್ಮೆ ಕೇಳು. ಮೇಕಪ್ಪಿನ ಹೊತ್ತು ಐದು ಗಂಟೆಯೊಳಗೇ ಸೇರುತ್ತದೆ, ರಾತ್ರಿ ಇಷ್ಟು ಗಂಟೆಗೆ ಬಿಡುತ್ತೇವೆ, ಗಣಿತ ಹೇಳುವ ಮೇಷ್ಟರ ಖರ್ಚು ನಿರ್ಮಾಪಕರದು, ಈ ಮೂರನ್ನೂ ಒಪ್ಪಂದದಲ್ಲಿ ಬರೆಸು. ಬಾಯಿಮಾತು ಎರಡನೇ ದಿನಕ್ಕೆ ಉಳಿಯುವುದಿಲ್ಲ.

ಶಾಲೆಯ ಕಡೆಗೆ, ಎಸ್‌ಎ-1, ಅಂದರೆ ಅರ್ಧವಾರ್ಷಿಕ ಪರೀಕ್ಷೆ, ಶುರುವಾಗುವ ಮೊದಲೇ ಹೆಡ್ಮಾಸ್ಟರನ್ನು ನೋಡು, ತಾರೀಕುಗಳ ಸಮೇತ ಪತ್ರ ಕೊಡು. ಯಾವ ವಿಷಯದಲ್ಲಿ ಎಷ್ಟನೇ ಪಾಠದವರೆಗೆ ನಡೆಯುತ್ತದೆ ಅಂತ ಪಟ್ಟಿ ಕೇಳು. ದಸರಾ ರಜೆಯೊಳಗೆ ಶೂಟಿಂಗ್ ಎಷ್ಟು ಕೂರುತ್ತದೋ ಅಷ್ಟು ಲಾಭ. ತಪ್ಪಿದ ವಿಜ್ಞಾನದ ಪ್ರಯೋಗಗಳನ್ನು ಮಾತ್ರ ವಾಪಸ್ ಬಂದ ಮೇಲೆ ಶಾಲೆಯಲ್ಲೇ ಮಾಡಬೇಕು, ಹೋಟೆಲ್ ರೂಮಿನಲ್ಲಿ ಆಗುವುದಲ್ಲ. ಕೂದಲ ವಿಷಯವನ್ನೂ ಅದೇ ಪತ್ರದಲ್ಲಿ ಸೇರಿಸು. ಶಾಲೆ ಕತ್ತರಿಸು ಅನ್ನುತ್ತದೆ, ಸಿನಿಮಾದವರು ಪ್ಯಾಚ್ ವರ್ಕ್ ಮುಗಿಯುವವರೆಗೆ ಕತ್ತರಿ ಮುಟ್ಟಿಸಬೇಡಿ ಅನ್ನುತ್ತಾರೆ, ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರೆದುರು ಬೈಸಿಕೊಳ್ಳುವವನು ಪುಟ್ಟ. ಅವನ ಹಾಲುಹಲ್ಲು ಯಾವುದಾದರೂ ಅಲ್ಲಾಡುತ್ತಿದೆಯಾ? ಶೂಟಿಂಗ್ ನಡುವೆ ಬಿದ್ದರೆ ತಾತ್ಕಾಲಿಕ ಹಲ್ಲು ಕಟ್ಟಿಸಬೇಕಾಗುತ್ತದೆ, ಈಗಲೇ ಯೂನಿಟ್ಟಿನವರಿಗೆ ತಿಳಿಸಿರು.

ಎಲ್ಲರೂ ಮರೆಯುವುದು ಡಬ್ಬಿಂಗನ್ನು. ಶೂಟಿಂಗ್ 22 ದಿನ ಅಂದರೆ ಅದು ಶೂಟಿಂಗ್ ಮಾತ್ರ. ಡಬ್ಬಿಂಗು ಆಮೇಲೆ ಯಾವಾಗಲೋ ಬರುತ್ತದೆ, ಬಿಡುಗಡೆ ಹೊತ್ತಿಗೆ ಪ್ರಚಾರ ಬೇರೆ, ಎರಡೂ ಮಾರ್ಚಿನ ವಾರ್ಷಿಕ ಪರೀಕ್ಷೆ ಎಸ್‌ಎ-2 ಮೇಲೆ ಬೀಳುವ ಸಂಭವ ಇದ್ದೇ ಇದೆ. ಡಬ್ಬಿಂಗ್ ಭಾನುವಾರ, ಒಮ್ಮೆಗೆ ಎರಡು ಗಂಟೆ, ಪ್ರಚಾರಕ್ಕೆ ಪರೀಕ್ಷೆ ತಿಂಗಳಲ್ಲಿ ಬರುವುದಿಲ್ಲ ಅಂತ ಈಗಲೇ ಬರೆಸು. ತಡ ಮಾಡಿದರೆ ಅವರಿಗೂ ಕಷ್ಟ, ಹುಡುಗನ ದನಿ ಒಡೆದರೆ ಬೇರೆಯವರಿಂದ ಹೇಳಿಸಬೇಕಾಗುತ್ತದೆ. ಈ ಮಾತು ಹೇಳಿ ನೋಡು, ಬೇಗ ಒಪ್ಪುತ್ತಾರೆ.

ದುಡ್ಡಿನ ವಿಷಯ ಭಾವನವರಿಗೆ. ಸಂಭಾವನೆಯಲ್ಲಿ ಕನಿಷ್ಠ 20 ಶೇಕಡಾ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಪುಟ್ಟನ ಹೆಸರಿನ ಎಫ್‌ಡಿಗೆ ನೇರವಾಗಿ ಹೋಗಬೇಕು, 18 ತುಂಬಿದ ಮೇಲೆ ಅವನದು. ಇಲ್ಲಿ ಅದು 15 ಶೇಕಡಾ, ಅದರ ಹಿಂದೆ ಒಂದು ಕತೆಯಿದೆ. ಜಾಕಿ ಕೂಗನ್ ಅನ್ನುವ ಬಾಲನಟ ಚಾಪ್ಲಿನ್ ಜೊತೆ ನಟಿಸಿ ಹೆಸರು ಮಾಡಿದವನು. ದೊಡ್ಡವನಾದ ಮೇಲೆ ನೋಡಿದರೆ ತಾಯಿಯೂ ಮಲತಂದೆಯೂ ಅವನ ಗಳಿಕೆಯನ್ನು ಹೆಚ್ಚುಕಡಿಮೆ ಎಲ್ಲ ಖರ್ಚು ಮಾಡಿದ್ದರು. 1938ರಲ್ಲಿ ಕೋರ್ಟಿಗೆ ಹೋದ, 1939ರಲ್ಲಿ ಬಾಲನಟರ ಗಳಿಕೆ ಕಾಯುವ, ಅವನ ಹೆಸರಿನ ಕಾನೂನು ಬಂತು. ಪುಟ್ಟನ ಹೆಸರಿನಲ್ಲೇ ಪ್ಯಾನ್ ಮಾಡಿಸಿ, ಟಿಡಿಎಸ್ ಅದಕ್ಕೇ ಹೋಗಲಿ. ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ತಂದೆತಾಯಿಯ ಆದಾಯಕ್ಕೆ ಸೇರುವುದಿಲ್ಲ, ಆದರೆ ಆ ಎಫ್‌ಡಿಯ ಬಡ್ಡಿ ಸೇರುತ್ತದೆ. ಆಡಿಟರ್‌ಗೆ ಇದನ್ನು ಮೊದಲೇ ಹೇಳಿರಿ.

ಒಪ್ಪಂದದ ಕಾಗದ ಬಂದ ಕೂಡಲೇ ಪುಟಪುಟವೂ ಫೋಟೋ ತೆಗೆದು ವಾಟ್ಸಾಪ್ ಮಾಡು, ಸಹಿ ಆಮೇಲೆ. ನಿಮ್ಮ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿ ಹಿಂದಿನ ಸಂಜೆ ಆರೂವರೆ, ಆ ಹೊತ್ತಿಗೆ ಕರೆದರೆ ಸಿಗುತ್ತೇನೆ. ಪುಟ್ಟನಿಗೆ ಒಂದು ಡಜನ್ ಪೆನ್ಸಿಲ್ ತೆಗೆದಿಡು. ಸೆಟ್ಟಿನಲ್ಲಿ ಎಲ್ಲರೂ ಪೆನ್ಸಿಲ್ ಕೇಳಿ ತೆಗೆದುಕೊಂಡು ಹೋಗುತ್ತಾರೆ, ಯಾರೂ ವಾಪಸ್ ಕೊಡುವುದಿಲ್ಲ.

ನಿನ್ನ ತಂಗಿ