ಬಾವಿಯೂ ಹೊಂಡವೂ ಒಂದೇ ಹಿತ್ತಿಲಲ್ಲಿ: ಹಳ್ಳಿಗೂ ಕೊಳಚೆ ನೀರಿನ ಘಟಕ ಬೇಕು

ಮಾನ್ಯ ಸಂಪಾದಕರೇ,

ಉಡುಪಿಯಲ್ಲಿ ಕೊಳಚೆ ನೀರಿನ ಮಾತು ಬಂದರೆ ನಗರದ ಒಳಚರಂಡಿ, ಇಂದ್ರಾಣಿ ಹೊಳೆ, ಅಲ್ಲಿಗೇ ಮುಗಿಯುತ್ತದೆ. ನಾವು ಬ್ರಹ್ಮಾವರ ಕಡೆಯ ಹಳ್ಳಿಯವರು. ನಮ್ಮ ಕೊಳಚೆ ಕಣ್ಣಿಗೆ ಬೀಳುವುದಿಲ್ಲ, ನೆಲದಡಿ ಇದೆ.

ಮೊದಲು ಬಚ್ಚಲು ನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು, ಜಾಗವೂ ಇತ್ತು. ಈಗ ಐದು ಸೆಂಟ್ಸ್‌ನಲ್ಲಿ ಮನೆ, ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಪಾಯಿಖಾನೆ ಹೊಂಡ, ಪಕ್ಕದ ಮನೆಯವರ ಹೊಂಡವಂತೂ ನಮ್ಮ ಬಾವಿಗೆ ಇನ್ನೂ ಹತ್ತಿರ. ನೆಲ ಮುರಕಲ್ಲು. ಅದರ ತೂತುಗಳಲ್ಲಿ ನೀರು ಸೋಸುವುದಕ್ಕಿಂತ ಓಡುವುದೇ ಜಾಸ್ತಿ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. ಜುಲೈಯಲ್ಲಿ ಹೊಂಡದ ಚಪ್ಪಡಿ ಸರಿಸಿದರೆ ನೀರು ಬಾಯಿಮಟ್ಟ, ಬಾವಿಯಲ್ಲೂ ಬಗ್ಗಿದರೆ ಕೈಗೆ ಸಿಗುತ್ತದೆ. ಎರಡೂ ಒಂದೇ ನೆಲದ ನೀರು ಅಲ್ವಾ?

ಈಗ ಜಲಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು ಕೊಡುವ ಗುರಿ. ಒಳ್ಳೆಯದೇ. ಆದರೆ ಸಾವಿರ ಜನರ ಊರಿನಲ್ಲಿ ಅದರಿಂದ ದಿನಕ್ಕೆ 40 ಸಾವಿರ ಲೀಟರ್‌ನಷ್ಟು ಬಳಸಿದ ನೀರು ಹೊರಗೆ ಬರುತ್ತದೆ. ಅದು ಎಲ್ಲಿಗೆ ಹೋಗಬೇಕು ಅಂತ ಗ್ರಾಮಸಭೆಯಲ್ಲಿ ಕೇಳಿದರೆ ಚರಂಡಿ ಮಾಡಿ ತೋಡಿಗೆ ಬಿಡುವ ಉತ್ತರ ಸಿಗುತ್ತದೆ. ಅದೇ ತೋಡಿನ ನೀರಲ್ಲಿ ಕೆಳಗಿನವರು ಗದ್ದೆ ಮಾಡುತ್ತಾರೆ.

ಪೇಟೆಯ ಎಸ್‌ಟಿಪಿಯನ್ನೇ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನೇ, ತಂದು ಇಲ್ಲಿ ಇಡುವುದೂ ಬೇಡ. ಅದರಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬದುಕಲು ಬ್ಲೋವರ್ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು, ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಕರೆಂಟ್ ಬೇಡದ ದಾರಿ ಇದೆ. ಪ್ರತಿ ಮನೆಯ ಟ್ಯಾಂಕಿನಲ್ಲಿ ಗಟ್ಟಿ ಉಳಿಯುತ್ತದೆ, ಮೇಲಿನ ನೀರು ಮಾತ್ರ ಸಣ್ಣ ಪೈಪಿನಲ್ಲಿ ಇಳಿಜಾರಿನ ಕಡೆಗೆ ಹರಿಯುತ್ತದೆ. ಅಲ್ಲಿ ಸಾಲಾಗಿ ಅಡ್ಡಗೋಡೆಗಳಿರುವ ಮುಚ್ಚಿದ ತೊಟ್ಟಿಗಳು, ನೀರು ಒಂದೊಂದರಲ್ಲೂ ಕೆಳಗಿಳಿದು, ತಳದ ಕೆಸರಿನ ಮೂಲಕ ಮೇಲೆ ಬಂದು ಮುಂದಕ್ಕೆ ಹೋಗುತ್ತದೆ. ಆ ಕೆಸರಿನಲ್ಲಿರುವುದು ಗಾಳಿ ಬೇಡದ ಬ್ಯಾಕ್ಟೀರಿಯಾ. ಆಮೇಲೆ ಜಲ್ಲಿ ತುಂಬಿ ಜೊಂಡು ನೆಟ್ಟ ಪಾತಿ. ಸಾವಿರ ಜನರಿಗೆ ಕಾಲು ಎಕರೆ ಹತ್ತಿರ ಜಾಗ ಬೇಕಾದೀತು. ಹೊರಗೆ ಬಂದ ನೀರನ್ನು ಕುಡಿಯುವ ಹಾಗಿಲ್ಲ, ತೆಂಗು ಅಡಿಕೆಯ ಬುಡಕ್ಕೆ ಧಾರಾಳ ಬಿಡಬಹುದು. ನಮಗೆ ಏಪ್ರಿಲ್, ಮೇಯಲ್ಲಿ ಬೇಕಾಗುವುದೂ ಅದೇ ಅಲ್ವಾ?

ಒಂದು ವಿಷಯದಲ್ಲಿ ನಮ್ಮ ಕರಾವಳಿಯವರು ಹಠ ಹಿಡಿಯಲೇಬೇಕು. ಮಾಡಿನ ನೀರು, ಅಂಗಳದ ನೀರು ಆ ಪೈಪಿಗೆ ಸೇರಬಾರದು. ಸೇರಿದರೆ ಜೂನ್‌ನ ಮೊದಲ ಜೋರು ಮಳೆಗೇ ತೊಟ್ಟಿಯ ಕೆಸರು, ಬ್ಯಾಕ್ಟೀರಿಯಾ ಎಲ್ಲ ತೊಳೆದು ತೋಡಿಗೆ. ಬಯಲುಸೀಮೆಯ ನಕ್ಷೆಯನ್ನು ಸುಮ್ನೆ ಇಲ್ಲಿಗೆ ಹಾಕಬೇಡಿ.

ಮನೆ ಟ್ಯಾಂಕಿನ ಗಟ್ಟಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ತೆಗೆದ ಟ್ಯಾಂಕರ್ ರಾತ್ರಿ ಎಲ್ಲೋ ಗುಡ್ಡೆ ಬದಿಯಲ್ಲಿ ಸುರಿದು ಹೋದರೆ ಏನು ಪ್ರಯೋಜನ? ದೇವನಹಳ್ಳಿಯಲ್ಲಿ ಇಂಥ ಕೆಸರಿಗೆಂದೇ 2015ರಲ್ಲಿ ಘಟಕ ಶುರುವಾಯಿತು. ನಾಲ್ಕೈದು ಪಂಚಾಯತ್ ಸೇರಿದರೆ ಇಲ್ಲೂ ಒಂದು ಸಾಕು. 15ನೇ ಹಣಕಾಸು ಆಯೋಗ ಪಂಚಾಯತ್ ಅನುದಾನದ ದೊಡ್ಡ ಪಾಲನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿತು, ಸ್ವಚ್ಛ ಭಾರತದ ಎರಡನೇ ಹಂತದಲ್ಲೂ ಬೂದು ನೀರಿನ, ಅಂದರೆ ಬಚ್ಚಲು, ಅಡುಗೆಮನೆ ನೀರಿನ, ಕೆಲಸ ಸೇರಿಸಿದ್ದರು. ಕಟ್ಟಿದ ಮೇಲೆ ಜೊಂಡು ಕತ್ತರಿಸಲು, ಪೈಪ್ ನೋಡಲು ಒಬ್ಬರಿಗೆ ತಿಂಗಳ ಸಂಬಳ ಬಜೆಟ್‌ನಲ್ಲೇ ಇರಲಿ.

ಸದ್ಯಕ್ಕೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸ ಮಾಡಿ. ನೀರು ಹಾಕಿ ಒಂದೆರಡು ದಿನ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಸೇರಿದ್ದರೆ ಕಪ್ಪಾಗುವ ಸಣ್ಣ ಬಾಟಲಿಗಳಿವೆ. ಈ ಮಳೆಗಾಲದಲ್ಲಿ ಪ್ರತಿ ವಾರ್ಡ್‌ನ ಬಾವಿಗಳನ್ನು ಅದರಲ್ಲಿ ಪರೀಕ್ಷಿಸಿ, ಎಷ್ಟು ಕಪ್ಪಾದವು ಅಂತ ಪಂಚಾಯತ್ ಬೋರ್ಡಿನಲ್ಲಿ ಬರೆದು ಹಾಕಿ. ಘಟಕಕ್ಕೆ ಜಾಗ ಹುಡುಕುವ ಮಾತು ಆ ಪಟ್ಟಿ ಇಟ್ಟುಕೊಂಡೇ ಮುಂದಿನ ಗ್ರಾಮಸಭೆಯಲ್ಲಿ ಆಗಲಿ.

– ಒಬ್ಬ ಗ್ರಾಮಸ್ಥ, ಬ್ರಹ್ಮಾವರ ತಾಲೂಕು