ಕೂರಿಗೆ ಭತ್ತದ ಪಾಠ ಒಂದು ದಿನದ್ದಲ್ಲ

ಮಾನ್ಯ ಸಂಪಾದಕರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಭತ್ತದ ರೈತರಿಗೆ ನೀರು ಯಾವಾಗ ಬಂದೀತೆಂಬುದೇ ಪ್ರತಿ ಮುಂಗಾರಿನ ಚಿಂತೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಮೂಲದ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. ಸಸಿ ಮಡಿ ಹಾಕಿ, ಗದ್ದೆ ಕೆಸರು ಮಾಡಿ ನಾಟಿಗಾಗಿ ಕಾಯುವುದಕ್ಕಿಂತ, ಮಳೆಯ ಹದ ನೋಡಿ ಒಣ ಭೂಮಿಯಲ್ಲೇ ಕೂರಿಗೆಯಿಂದ ಭತ್ತ ಬಿತ್ತುವುದು ಲೇಸೆಂದು ಸಿಂಧನೂರು, ಮಾನ್ವಿ ಕಡೆಯ ಅನೇಕರು ಕಂಡುಕೊಂಡಿದ್ದಾರೆ.

ಈ ವಿಷಯವನ್ನು ನಾನು ಮೊದಲು ಕೇಳಿದ್ದು ಊರಿನ ತರಬೇತಿಯೊಂದರಲ್ಲಿ. ಕರಪತ್ರ ತಂದೆನಾದರೂ ಬಿತ್ತುವ ಧೈರ್ಯ ಬರಲಿಲ್ಲ. ಮರುವರ್ಷ ಪಕ್ಕದ ಹೊಲದವರು ಬಿತ್ತಿದಾಗ, ಬದುವಿನ ಮೇಲೆ ನಿಂತು ದಿನವೂ ನೋಡಿದೆ. ಮೂರನೆಯ ವಾರದ ಕಳೆ ಕಂಡು ಬೆಳೆ ಕೈಬಿಟ್ಟಿತೆಂದೇ ಭಾವಿಸಿದ್ದೆ. ಆದರೆ ರಾಶಿಯ ಹೊತ್ತಿಗೆ ಅವರ ಇಳುವರಿ ನನ್ನ ನಾಟಿ ಭತ್ತಕ್ಕೆ ಸಮನಾಗಿತ್ತು, ನಾಟಿಯ ಕೂಲಿ ಪೂರ್ತಿ ಉಳಿದಿತ್ತು. ಅದರ ಮುಂದಿನ ವರ್ಷ ಎರಡು ಎಕರೆಯಲ್ಲಿ ಬಿತ್ತಿದ ನಾನು, ಬಿತ್ತನೆಯಾದ ಎರಡು ಮೂರು ದಿನದೊಳಗೆ ಮಣ್ಣು ಹಸಿಯಿರುವಾಗಲೇ ಸಿಂಪಡಿಸಬೇಕಾದ ಪೆಂಡಿಮೆಥಾಲಿನ್ ಕಳೆನಾಶಕವನ್ನು ತಡವಾಗಿ ಒಣ ನೆಲಕ್ಕೆ ಸಿಂಪಡಿಸಿ ಕಳೆಗೆ ಸೋತೆ. ಎಳೆ ಎಲೆಗಳು ಹಳದಿಯಾದಾಗ ಯೂರಿಯಾ ಎರಚಿದೆ. ಅದು ಕಬ್ಬಿಣಾಂಶದ ಕೊರತೆ, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿ ಸಿಂಪಡಿಸಬೇಕೆಂದು ಹೇಳಿದವರೂ ಅದೇ ನೆರೆಯವರು. ಕರಪತ್ರದಲ್ಲಿ ಈ ಎರಡೂ ಇದ್ದಿರಬಹುದು, ಬೆಳೆ ಕಣ್ಣೆದುರು ಹಳದಿಯಾದ ದಿನ ಅದು ನೆನಪಿಗೆ ಬರಲಿಲ್ಲ.

ನಮ್ಮ ಕಡೆ ಪ್ರಾತ್ಯಕ್ಷಿಕೆಗಳು ನಡೆಯುವುದು ಹೆಚ್ಚಾಗಿ ಕಾಲುವೆಯ ಮೇಲ್ಭಾಗದ, ಸ್ವಂತ ಜಮೀನಿರುವ ದೊಡ್ಡ ರೈತರ ಹೊಲದಲ್ಲಿ, ಅದೂ ಒಂದೇ ದಿನ. ಬೆಳೆ ಬಂದರೂ ಬಾರದಿದ್ದರೂ ಲೀಸಿನ ಚೀಲಗಳನ್ನು ಅಳೆದುಕೊಡಬೇಕಾದ ಗೇಣಿದಾರ ರೈತ ಆ ಹೊಲ ನೋಡಿ ಹೇಗೆ ನಂಬಬೇಕು? ಕಳೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ, ಬೇಗ ಕೀಳದಿದ್ದರೆ ಏನಾಗುವುದೆಂದು ತಿಳಿದ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆಯುವವರೂ ವಿರಳ.

1989ರಲ್ಲಿ ಇಂಡೊನೇಷ್ಯಾದಲ್ಲಿ ಕಂದು ಜಿಗಿಹುಳುವಿನ ಹಾವಳಿ ತಡೆಯಲು ಆರಂಭವಾದ ಕ್ಷೇತ್ರ ಪಾಠಶಾಲೆಗಳಲ್ಲಿ ರೈತರು ಇಡೀ ಹಂಗಾಮು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಹುಳು ಎಣಿಸಿ, ನಂತರ ಔಷಧ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸಿದರು. ಕೃಷಿ ಇಲಾಖೆಯೂ ರಾಯಚೂರು ಕೃಷಿ ವಿಶ್ವವಿದ್ಯಾಲಯವೂ ಬರುವ ಮುಂಗಾರಿಗೆ ಪ್ರತಿ ವಿತರಣಾ ಕಾಲುವೆಯ ಕೊನೆಯಲ್ಲಿ ಒಂದು ಲೀಸಿನ ಹೊಲ ಆರಿಸಿ, ಬಿತ್ತನೆಯ ದಿನ, ಕಳೆನಾಶಕದ ದಿನ, ಮೂರನೆಯ ವಾರ, ತೆನೆ ಹಾಯುವಾಗ, ರಾಶಿಯ ದಿನ ಅಲ್ಲಿ ನಮ್ಮನ್ನು ಸೇರಿಸಲಿ. ಖರ್ಚಿನ ಲೆಕ್ಕವನ್ನು ಎಲ್ಲರೆದುರು ಬರೆಯಲಿ. ಬೆಳೆ ಕೆಟ್ಟ ತುಂಡನ್ನೂ ಮುಚ್ಚಿಡದೆ ತೋರಿಸಲಿ.

ಇತಿ,
ಭತ್ತದ ರೈತ
ಸಿಂಧನೂರು ತಾಲ್ಲೂಕು