ಬದನೆಯ ಜೇನುಗಳನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ಪರಾಗಸ್ಪರ್ಶ ಮತ್ತು ಕೀಟಬಾಧೆಯನ್ನು ಒಟ್ಟಿಗೆ ಅಧ್ಯಯನ ಮಾಡುವ ಕೀಟವಿಜ್ಞಾನಿಗಳ ಅರಿವು ಹೊಲಗಳಿಗೆ ಇನ್ನಷ್ಟು ತಲುಪಬೇಕಾಗಿದೆ. ಬದನೆ ಹೂವಿನ ಪರಾಗಕೋಶಗಳು ತುದಿಯ ಸಣ್ಣ ರಂಧ್ರದಿಂದಷ್ಟೇ ಪರಾಗವನ್ನು ಬಿಡುವುದರಿಂದ, ಹೂವನ್ನು ಹಿಡಿದು ಮೈ ಕಂಪಿಸಿ ಅದನ್ನು ಉದುರಿಸಬಲ್ಲ ನೀಲಿಪಟ್ಟೆಯ ಜೇನಿನಂಥ ಒಂಟಿ ಜೇನುಗಳು ಅಲ್ಲಿ ಬೇಕು. ಪೆಟ್ಟಿಗೆಯಲ್ಲಿ ಸಾಕುವ ಜೇನ್ನೊಣಗಳಿಗೆ ಈ ಕೌಶಲವಿಲ್ಲ. ಅದೇ ಗಿಡದ ಕುಡಿ ಮತ್ತು ಕಾಯಿ ಕೊರೆಯುವ ಹುಳು ಒಳಗೆ ಸುರಕ್ಷಿತವಾಗಿ ಅಡಗಿರುವಾಗ, ಹೊರಗೆ ಸಿಂಪಡಿಸಿದ ವಿಷವು ಈ ಜೇನುಗಳನ್ನೂ, ಆ ಹುಳುವನ್ನೇ ತಿಂದು ಬೆಳೆಯುವ ಪುಟ್ಟ ಕಣಜಗಳನ್ನೂ ಕೊಲ್ಲುತ್ತದೆ. ಇದು ನಿಜಕ್ಕೂ ನೋವಿನ ಸಂಗತಿ. ಬಾಡಿದ ಕುಡಿಗಳನ್ನು ಕತ್ತರಿಸಿ ನಾಶಪಡಿಸುವುದು ಮತ್ತು ಈ ಹುಳು ಬೆಳೆದು ಆಗುವ ಪತಂಗಗಳಲ್ಲಿ ಗಂಡುಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗಳನ್ನು ಇಡುವುದು ಮೊದಲ ಕ್ರಮವಾಗಲಿ. ಸಿಂಪಡಣೆ ಅನಿವಾರ್ಯವಾದರೆ ಜೇನುಗಳ ಹಾರಾಟ ನಿಂತ ಸಂಜೆಯಲ್ಲಿ ನಡೆಯಲಿ.

– ಓರ್ವ ಓದುಗ